ಬೇಸ್ ಗಿಟಾರ್ ಕೊಳ್ಳೋ ಮುಂಚೆ ಗಿಗ್ ಎಲ್ಲಿ ಅಂತ ಕೇಳಿ

ನಿಮ್ಮ ಫೋನಿನಲ್ಲಿ 1981ರ ‘ಗೀತಾ’ ಚಿತ್ರದ ಯಾವುದಾದರೂ ಒಂದು ಹಾಡು ಹಾಕಿ. ಮೊದಲು ಫೋನಿನ ಸ್ಪೀಕರಿನಲ್ಲೇ ಕೇಳಿ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಅದನ್ನೇ ಇನ್ನೊಮ್ಮೆ ಕೇಳಿ. ಎರಡನೇ ಸಲ ಹಾಡಿನ ಕೆಳಗಡೆ ಇನ್ನೊಂದು ಹಾಡು ಓಡ್ತಾ ಇರೋ ಹಾಗೆ ಅನ್ನಿಸುತ್ತೆ ಅಲ್ವಾ? ಅದೇ ಬೇಸ್ ಗಿಟಾರ್. ಇಳಯರಾಜಾ ಅವರ ಹಾಡು ಕೇಳಿ ಬೆಳೆದವರಿಗೆ ಈ ವಾದ್ಯದ ಹೆಸರು ಗೊತ್ತಿಲ್ಲದಿದ್ದರೂ ಸದ್ದು ಗೊತ್ತು.

ಫೋನ್ ಸ್ಪೀಕರಿನಲ್ಲಿ ಯಾಕೆ ಸರಿಯಾಗಿ ಕೇಳಿಸಲ್ಲ? ನಾಲ್ಕು ಸ್ಟ್ರಿಂಗಿನ ಬೇಸ್‌ನಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರ ‘ಇ’, ಸುಮಾರು 41 ಹರ್ಟ್ಜ್. ಅಷ್ಟು ಕೆಳಗಿನ ಸದ್ದು ಹೊರಡಬೇಕಾದರೆ ಸ್ಪೀಕರ್ ತುಂಬಾ ಗಾಳಿಯನ್ನ ತಳ್ಳಬೇಕು. ಉಗುರಿನಷ್ಟು ದೊಡ್ಡ ಸ್ಪೀಕರಿಗೆ ಅದು ಆಗದ ಮಾತು. ಬೇಸ್ ನುಡಿಸೋರ ಖರ್ಚು, ಬೆನ್ನುನೋವು, ಆಟೋದವರ ಜೊತೆ ಚೌಕಾಸಿ, ಎಲ್ಲದರ ಮೂಲ ಈ ಒಂದೇ ಸಂಗತಿ.

ವಾರವೆಲ್ಲ ಕೋಡ್ ಬರೆದು ಶನಿವಾರ ಸಂಜೆ ಬ್ಯಾಂಡಿನಲ್ಲಿ ಬೇಸ್ ನುಡಿಸುವ ನನ್ನಂಥವರು ಬೆಂಗಳೂರಿನಲ್ಲಿ ಕಡಿಮೆ ಏನಿಲ್ಲ. ಹೊಸದಾಗಿ ಶುರು ಮಾಡಿದವರು ಕೇಳೋ ಪ್ರಶ್ನೆ ಒಂದೇ: “ಯಾವ ಬೇಸ್, ಯಾವ ಆಂಪ್ ತಗೊಳ್ಳಲಿ ಗುರು?” ನಾನು ತಿರುಗಿ ಕೇಳೋದು, “ಎಲ್ಲಿ ನುಡಿಸ್ತೀಯ?” ಮನೆಯಲ್ಲಿ ಮಾತ್ರ ನುಡಿಸೋದಾದರೆ ಮನಸ್ಸಿಗೆ ಹಿಡಿಸಿದ್ದು ತಗೊಂಡರೆ ಆಯ್ತು. ಗಿಗ್ ಮಾಡೋರಿಗೆ ಅಷ್ಟು ಸಾಲದು. ಅಂಗಡಿಯಲ್ಲಿ ಒಬ್ಬರೇ ಕೂತು ನುಡಿಸಿದಾಗ ಸೊಗಸಾಗಿ ಕೇಳೋ ಬೇಸ್, ಡ್ರಮ್ಸು, ಕೀಬೋರ್ಡು, ಎರಡು ಗಿಟಾರು ಸೇರಿಕೊಂಡ ಮೇಲೆ ಎಲ್ಲೋ ಮುಳುಗಿಹೋಗುತ್ತೆ. ಆಮೇಲೆ ಅದನ್ನ ಮೇಲೆತ್ತೋಕೆ ಇನ್ನೊಂದು ಪೆಡಲ್, ಇನ್ನೊಂದು ಆಂಪ್ ಅಂತ ಸಂಬಳ ಕರಗುತ್ತೆ.

ಮೂರು ಥರದ ಸ್ಟೇಜು

ನಮ್ಮ ಕಡೆ ಸಿಗೋ ಗಿಗ್‌ಗಳನ್ನ ಮೂರು ಗುಂಪು ಮಾಡಬಹುದು.

ಒಂದು, ಪಬ್ಬು ಮತ್ತು ಕಾರ್ಪೊರೇಟ್ ಶೋ. ಇಲ್ಲಿ ಸಾಮಾನ್ಯವಾಗಿ ಪಿಎ ಸಿಸ್ಟಮ್ಮು, ಸಬ್‌ವೂಫರು, ಸೌಂಡ್ ಎಂಜಿನಿಯರು ಎಲ್ಲ ಇರ್ತಾರೆ. ಜನರಿಗೆ ಕೇಳೋದು ಪಿಎ ಸದ್ದು. ನಿಮ್ಮ ಆಂಪ್ ಇರೋದು ನಿಮಗೂ ಡ್ರಮ್ಮರಿಗೂ ಕೇಳಿಸೋಕೆ ಅಷ್ಟೇ.

ಎರಡು, ಗಣೇಶನ ಹಬ್ಬದ, ರಾಜ್ಯೋತ್ಸವದ ಆರ್ಕೆಸ್ಟ್ರಾ. ಸೌಂಡಿನವರೇ ಎಲ್ಲ ತಂದಿರ್ತಾರೆ, ಕರೆಂಟು ಮಾತ್ರ ಜನರೇಟರಿನದು. ಹಾಡುವವರ ಶ್ರುತಿಗೆ ತಕ್ಕ ಹಾಗೆ ಪ್ರತಿ ಹಾಡಿನ ಸ್ಕೇಲು ಬದಲಾಗ್ತಾ ಇರುತ್ತೆ.

ಮೂರು, ಕೆಫೆ, ಅಪಾರ್ಟ್‌ಮೆಂಟಿನ ಕ್ಲಬ್ ಹೌಸು, ಸ್ನೇಹಿತರ ಮದುವೆಯ ಸಂಗೀತ ಸಂಜೆ. ಇಲ್ಲಿ ಎರಡು ಸಣ್ಣ ಸ್ಪೀಕರ್ ಬಿಟ್ಟರೆ ಏನೂ ಇರಲ್ಲ. ನಿಮ್ಮ ಆಂಪ್‌ನಿಂದ ಎಷ್ಟು ಬಂತೋ ಅಷ್ಟೇ ಬೇಸ್.

ನಿಮ್ಮ ಹತ್ತು ಗಿಗ್‌ಗಳಲ್ಲಿ ಎಂಟು ಯಾವ ಗುಂಪಿನವು ಅನ್ನೋದನ್ನ ನೋಡಿಕೊಂಡು ದುಡ್ಡು ಬಿಚ್ಚಿ.

ಪಿ, ಜೆ, ಮತ್ತು ಐದನೇ ಸ್ಟ್ರಿಂಗ್

ಲಿಯೋ ಫೆಂಡರ್ 1951ರಲ್ಲಿ ತಂದ ಬೇಸ್‌ಗೆ ‘ಪ್ರಿಸಿಷನ್’ ಅಂತ ಹೆಸರಿಟ್ಟಿದ್ದಕ್ಕೆ ಕಾರಣ ಇತ್ತು. ಆಳೆತ್ತರದ ಡಬಲ್ ಬೇಸ್‌ನಲ್ಲಿ ಫ್ರೆಟ್ ಇರಲ್ಲ, ಸ್ವರದ ಜಾಗವನ್ನ ಅಂದಾಜಿನಲ್ಲೇ ಹಿಡಿಯಬೇಕು. ಇದರಲ್ಲಿ ಫ್ರೆಟ್ ಇದ್ದದ್ದರಿಂದ ಬೆರಳಿಟ್ಟಲ್ಲಿ ಸ್ವರ ಖಚಿತ. 1960ರಲ್ಲಿ ಅದೇ ಕಂಪನಿಯ ‘ಜಾಝ್ ಬೇಸ್’ ಬಂತು. ಇವತ್ತು ಯಾವ ಬ್ರ್ಯಾಂಡಿನ ಅಂಗಡಿಗೆ ಹೋದರೂ ನೋಡೋಕೆ ಸಿಗೋ ಬಹಳಷ್ಟು ಬೇಸ್‌ಗಳು ಈ ಎರಡರ ಮಕ್ಕಳು, ಮೊಮ್ಮಕ್ಕಳೇ.

ಪ್ರಿಸಿಷನ್‌ಗೆ ಒಂದೇ ಪಿಕಪ್, ಎರಡು ತುಂಡಾಗಿರುತ್ತೆ. 1957ರಿಂದ ಬಂದಿರೋ ಈ ವಿನ್ಯಾಸದಲ್ಲಿ ಹಮ್, ಅಂದ್ರೆ ಆ ‘ಗುಂಯ್’ ಸದ್ದು, ತಾನಾಗೇ ಅಳಿಯುತ್ತೆ. ಬ್ಯಾಂಡಿನ ನಡುವೆ ಜಾಗ ಹುಡುಕಿಕೊಂಡು ನಿಲ್ಲೋ ಗಟ್ಟಿ ಸದ್ದು ಇದರದು. ಜಾಝ್ ಬೇಸ್‌ಗೆ ಎರಡು ಪಿಕಪ್. ಎರಡನ್ನೂ ಪೂರ್ತಿ ತೆರೆದಿಟ್ಟರೆ ಹಮ್ ಇಲ್ಲ, ಒಂದನ್ನೇ ಇಟ್ಟರೆ ಪಬ್ಬಿನ ಲೈಟು, ಡಿಮ್ಮರ್ ಎಲ್ಲ ನಿಮ್ಮ ಬೇಸ್‌ನಲ್ಲಿ ಕೇಳಿಸುತ್ತೆ. ಇದರ ಕುತ್ತಿಗೆ ನಟ್ ಹತ್ತಿರ 38 ಮಿ.ಮೀ., ಪ್ರಿಸಿಷನ್‌ನದು ಸಾಮಾನ್ಯವಾಗಿ 41-42. ಮೂರು-ನಾಲ್ಕು ಮಿ.ಮೀ. ತಾನೇ ಅನ್ನಬೇಡಿ. ಮೂರು ಗಂಟೆ ನುಡಿಸಿದ ಮೇಲೆ ಎಡಗೈ ಹೇಳುತ್ತೆ.

ಕೈ ಚಿಕ್ಕದಿರೋರು 34 ಇಂಚಿನ ಬದಲು 30 ಇಂಚು ಸ್ಕೇಲಿನ ಶಾರ್ಟ್ ಸ್ಕೇಲ್ ನೋಡಬಹುದು. ಅದೇನು ಮಕ್ಕಳ ಆಟಿಕೆ ಅಲ್ಲ. ಪಾಲ್ ಮೆಕಾರ್ಟ್ನಿ ಬೀಟಲ್ಸ್ ಕಾಲದಲ್ಲಿ ಹೆಸರು ಮಾಡಿದ್ದೇ ಪಿಟೀಲಿನ ಆಕಾರದ ಅಂಥದ್ದೊಂದು ಹಾಫ್ನರ್ ಬೇಸ್‌ನಲ್ಲಿ.

ಐದು ಸ್ಟ್ರಿಂಗ್ ಬೇಕಾ? ಆರ್ಕೆಸ್ಟ್ರಾ ಗುಂಪಿನವರಾದರೆ ಯೋಚಿಸಿ. ಗಾಯಕರು “ಇವತ್ತು ಡಿ ಇಟ್ಕೊಳ್ಳೋಣ” ಅಂದಾಗ ನಾಲ್ಕು ಸ್ಟ್ರಿಂಗಿನಲ್ಲಿ ಕೆಳಗಿನ ಡಿ ಇಲ್ಲ, ಮೇಲಿನ ಡಿ ಹಿಡಿಯಬೇಕು, ಹಾಡಿನ ಅಡಿಪಾಯ ಅಷ್ಟು ಮೇಲಕ್ಕೆ ಬರುತ್ತೆ. ಐದನೇ ಸ್ಟ್ರಿಂಗ್ ‘ಬಿ’ ಸುಮಾರು 31 ಹರ್ಟ್ಜ್‌ವರೆಗೂ ಇಳಿಯುತ್ತೆ. ಆದರೆ ಕುತ್ತಿಗೆ ಅಗಲ, ತೂಕ ಜಾಸ್ತಿ, ಮತ್ತು ಕಡಿಮೆ ಬೆಲೆಯ ಫೈವ್ ಸ್ಟ್ರಿಂಗ್‌ಗಳಲ್ಲಿ ಆ ಬಿ ಸ್ಟ್ರಿಂಗ್ ಸಡಿಲ ರಬ್ಬರಿನ ಹಾಗೆ ಇರೋದು ಅಪರೂಪವೇನಲ್ಲ. ಅದೇ ಬೆಲೆಗೆ ನಾಲ್ಕು ಸ್ಟ್ರಿಂಗಿನದು ಹೆಚ್ಚು ಚೆನ್ನಾಗಿರೋದು ಸಿಗುತ್ತೆ.

ಆಕ್ಟಿವ್ ಬೇಸ್ ಆದರೆ ಒಳಗೆ 9 ವೋಲ್ಟ್ ಬ್ಯಾಟರಿ ಇರುತ್ತೆ. ಕೇಬಲ್ ಚುಚ್ಚಿದ ಕ್ಷಣದಿಂದ ಅದು ಖರ್ಚಾಗ್ತಾ ಇರುತ್ತೆ, ನೀವು ನುಡಿಸಿ, ಬಿಡಿ. ಮನೆಗೆ ಬಂದು ಕೇಬಲ್ ಕೀಳಿ, ಬ್ಯಾಗಿನಲ್ಲಿ ಒಂದು ಬ್ಯಾಟರಿ ಇಟ್ಟಿರಿ.

ವ್ಯಾಟ್ ನಂಬಿ ಕೆಡಬೇಡಿ

ಆಂಪ್ ಕೊಳ್ಳುವಾಗ ಎಲ್ಲರ ಕಣ್ಣು ಹೋಗೋದು ವ್ಯಾಟ್ ಮೇಲೆ. 200ರ ಬದಲು 400 ವ್ಯಾಟ್ ತಗೊಂಡರೆ ಸದ್ದು ಎರಡರಷ್ಟಾಗಲ್ಲ, ಹೆಚ್ಚಾಗೋದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಅದೇ ಆಂಪ್‌ಗೆ 97 ಡೆಸಿಬೆಲ್ ಸೆನ್ಸಿಟಿವಿಟಿ ಇರೋ ಕ್ಯಾಬಿನೆಟ್ ಬದಲು 100 ಡೆಸಿಬೆಲ್‌ನದು ಹಾಕಿದರೆ, ವ್ಯಾಟ್ ಎರಡರಷ್ಟು ಮಾಡಿದ ಫಲವೇ ಸಿಗುತ್ತೆ. ಹಾಗಾಗಿ ಸ್ಪೀಕರ್ ಕಡೆ ಮೊದಲು ನೋಡಿ.

ಇನ್ನೊಂದು ಓಮ್ ಲೆಕ್ಕ. ಎಂಜಿನಿಯರಿಂಗ್ ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಿಕಲ್ ನೆನಪಿದ್ದರೆ ಸಾಕು. 8 ಓಮ್‌ನ ಎರಡು ಕ್ಯಾಬಿನೆಟ್ ಪ್ಯಾರಲಲ್ ಆಗಿ ಸೇರಿದರೆ 4 ಓಮ್. ನಿಮ್ಮ ಆಂಪ್‌ಗೆ ಕನಿಷ್ಠ 4 ಓಮ್ ಅಂತ ಬರೆದಿದ್ದು, ನೀವು 4 ಓಮ್‌ನ ಎರಡು ಕ್ಯಾಬಿನೆಟ್ ಸೇರಿಸಿದರೆ 2 ಓಮ್ ಆಯ್ತು. ಆಂಪ್ ಕಾದು ನಿಂತುಹೋಗಬಹುದು, ಸುಟ್ಟೂ ಹೋಗಬಹುದು. ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆ ಎಷ್ಟು ಓಮ್‌ಗೆ ಅನ್ನೋದನ್ನೂ ಓದಿ. ಉದಾಹರಣೆಗೆ, ಫೆಂಡರ್ ರಂಬಲ್ 500 ತನ್ನ ಒಳಗಿನ ಸ್ಪೀಕರಿಗೆ ಕೊಡೋದು 350 ವ್ಯಾಟ್. ಹೊರಗೆ ಇನ್ನೊಂದು ಕ್ಯಾಬಿನೆಟ್ ಸೇರಿಸಿದಾಗ ಮಾತ್ರ 500.

ಮತ್ತೆ ಎಷ್ಟು ಬೇಕು? ಮೂರನೇ ಗುಂಪಿನ ಗಿಗ್‌ಗಳಲ್ಲಿ, ಡ್ರಮ್ಸ್ ಜೊತೆ, 200-300 ವ್ಯಾಟು ಮತ್ತು ಒಳ್ಳೆಯ ಒಂದು 12 ಇಂಚಿನ ಅಥವಾ ಎರಡು 10 ಇಂಚಿನ ಸ್ಪೀಕರ್ ಇದ್ದರೆ ನೆಮ್ಮದಿ. ಡ್ರಮ್ಮರ್ ಬದಲು ಕಹೋನ್ ನುಡಿಸೋರಿದ್ದರೆ 100 ವ್ಯಾಟ್ ಸಾಕಾಗುತ್ತೆ. ಪಿಎ ಇರೋ ಕಡೆ ಅದೂ ಸಾಕು.

ಡಿಐ ಅನ್ನೋ ಪುಟ್ಟ ಡಬ್ಬಿ

ಮೊದಲ ಎರಡು ಗುಂಪಿನವರಿಗೆ ಆಂಪ್‌ಗಿಂತ ಮುಖ್ಯವಾದದ್ದು ಡಿಐ. ಬೇಸ್‌ನಿಂದ ಬರೋ ಸಿಗ್ನಲ್ಲನ್ನ ಮೈಕ್ ಕೇಬಲ್ಲಿನಲ್ಲಿ ಮಿಕ್ಸರಿನವರೆಗೂ ಶುದ್ಧವಾಗಿ ಕಳಿಸೋ ಡಬ್ಬಿ ಇದು. ಇದರ ಜೊತೆ ಪ್ರೀಆಂಪ್ ಕೂಡ ಇರೋ ಪೆಡಲ್ ತಗೊಂಡರೆ ನಿಮ್ಮ ಟೋನ್ ನಿಮ್ಮ ಬ್ಯಾಗಿನಲ್ಲೇ ಇರುತ್ತೆ. ಅಲ್ಲಿರೋ ಆಂಪ್ ಯಾವುದಾದರೂ ಇರಲಿ, ಇಲ್ಲದಿರಲಿ, ಜನರಿಗೆ ಕೇಳೋ ಸದ್ದು ನಿಮ್ಮದೇ. “ಬ್ಯಾಕ್‌ಲೈನ್ ಇದೆ ಬನ್ನಿ” ಅಂತ ಕರೆದು ಹರಿದ ಸ್ಪೀಕರಿನ ಆಂಪ್ ತೋರಿಸಿದ ಜಾಗಗಳಲ್ಲೂ ಈ ಡಬ್ಬಿ ಇದ್ದದ್ದರಿಂದ ನಮ್ಮ ಶೋ ನಡೆದಿದೆ.

ಕರೆಂಟಿನ ವಿಷಯದಲ್ಲಿ ಧೈರ್ಯ ಬೇಡ

ಹಳೇ ಕಟ್ಟಡ, ಪೆಂಡಾಲು, ಜನರೇಟರು. ಇಲ್ಲೆಲ್ಲ ಅರ್ಥಿಂಗ್ ಸರಿ ಇರುತ್ತೆ ಅಂತ ನಂಬೋ ಹಾಗಿಲ್ಲ. ಅರ್ಥಿಂಗ್ ಇಲ್ಲದ ಕಡೆ ಸ್ಟ್ರಿಂಗ್ ಮೇಲೆ ಕೈ ಇಟ್ಟುಕೊಂಡೇ ಮೈಕಿಗೆ ತುಟಿ ತಾಗಿಸಿದರೆ ಶಾಕ್ ಹೊಡೆಯಬಹುದು. ಇದು ಪ್ರಾಣಕ್ಕೆ ಸಂಬಂಧಿಸಿದ್ದು. ಸಣ್ಣದೊಂದು ಸಾಕೆಟ್ ಟೆಸ್ಟರ್ ಬ್ಯಾಗಿನಲ್ಲಿರಲಿ, ಸೌಂಡ್ ಚೆಕ್‌ಗೂ ಮುಂಚೆ ಚುಚ್ಚಿ ನೋಡಿ. ಹಮ್ ಬರ್ತಿದೆ ಅಂತ ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕೋ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಅದಕ್ಕೆ ಡಿಐ ಮೇಲೆ ‘ಗ್ರೌಂಡ್ ಲಿಫ್ಟ್’ ಸ್ವಿಚ್ ಇರುತ್ತೆ.

ಅಮೆರಿಕದಿಂದ ಅಣ್ಣನೋ ಕಸಿನ್ನೋ ಬರ್ತಿದ್ದಾರೆ, ಆಂಪ್ ತರಿಸಿಕೊಳ್ಳೋಣ ಅನ್ನೋ ಆಸೆ ಇದ್ದರೆ ಹಿಂದಿನ ಲೇಬಲ್ಲಿನ ಫೋಟೋ ಮೊದಲು ತರಿಸಿಕೊಳ್ಳಿ. ಅಲ್ಲಿ 120 ವೋಲ್ಟ್, ಇಲ್ಲಿ 230. ‘100-240’ ಅಂತ ಬರೆದಿದ್ದರೆ, ಇಲ್ಲಾ ವೋಲ್ಟೇಜ್ ಬದಲಾಯಿಸೋ ಸ್ವಿಚ್ ಇದ್ದರೆ ಸರಿ. ಬರೀ 120 ಇದ್ದರೆ ಬೇಡ. ಟ್ರಾನ್ಸ್‌ಫಾರ್ಮರ್ ಹೊತ್ತುಕೊಂಡು ಗಿಗ್‌ಗೆ ಹೋಗೋದು ಯಾರಿಗೂ ಬೇಡ. ಬೇಸ್ ಗಿಟಾರಿಗೆ ಈ ಚಿಂತೆ ಇಲ್ಲ.

ಬೆನ್ನು, ಕಿವಿ, ಪಕ್ಕದ ಮನೆ

1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ದೊಡ್ಡ ರಾಕ್ ಶೋಗಳ ಆಂಪ್. 300 ವ್ಯಾಟಿನ ವಾಲ್ವ್ ಹೆಡ್ಡು, ಎಂಟು 10 ಇಂಚಿನ ಸ್ಪೀಕರಿನ ಕ್ಯಾಬಿನೆಟ್ಟು, ಎರಡೂ ಸೇರಿ 90 ಕೆ.ಜಿ. ದಾಟುತ್ತೆ. ಹೊರೋಕೆ ಜನ ಇದ್ದವರಿಗೆ ಸರಿ. ಇವತ್ತಿನ ಕ್ಲಾಸ್ ಡಿ ಹೆಡ್‌ಗಳು 500 ವ್ಯಾಟ್ ಕೊಟ್ಟೂ ಎರಡು-ಮೂರು ಕೆ.ಜಿ. ಇರ್ತವೆ. ಹಳೇ ಆಂಪ್‌ಗಳು ಶಾಖವಾಗಿ ಕಳೀತಿದ್ದ ಶಕ್ತಿಯ ಬಹುಪಾಲನ್ನ ಇವು ಉಳಿಸ್ತವೆ, ಹಾಗಾಗಿ ದಪ್ಪ ಟ್ರಾನ್ಸ್‌ಫಾರ್ಮರು, ಹೀಟ್ ಸಿಂಕು ಬೇಡ. ಸ್ಪೀಕರಿನಲ್ಲಿ ನಿಯೋಡಿಮಿಯಂ ಮ್ಯಾಗ್ನೆಟ್ ಇದ್ದರೆ ಕ್ಯಾಬಿನೆಟ್ಟೂ ಹಗುರ. ಲಿಫ್ಟ್ ಇಲ್ಲದ ಮೂರನೇ ಮಹಡಿಯ ಪಬ್ಬಿಗೆ ಹತ್ತಿದ ದಿನ ಈ ವ್ಯತ್ಯಾಸದ ಬೆಲೆ ತಿಳಿಯುತ್ತೆ.

ಬೇಸ್ ಕೂಡ 4 ಕೆ.ಜಿ. ಆಸುಪಾಸಿನಲ್ಲಿರಲಿ, ಮೂರು ಇಂಚು ಅಗಲದ ಸ್ಟ್ರಾಪ್ ಹಾಕಿ. ಸ್ಕೂಟರಿನಲ್ಲಿ ಹೋಗೋರಾದರೆ ಬೇಸ್‌ನ ತಲೆ ನಿಮ್ಮ ಹೆಲ್ಮೆಟ್‌ಗಿಂತ ಮೇಲಿರುತ್ತೆ ಅನ್ನೋದು ಮರದ ಕೊಂಬೆ ಕಂಡಾಗ ನೆನಪಿರಲಿ.

ಕಿವಿಗೆ ಇಯರ್ ಪ್ಲಗ್ ಹಾಕಿ. ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ 8 ಗಂಟೆ ಇರಬಹುದು, 100 ಡೆಸಿಬೆಲ್ ಆದರೆ 15 ನಿಮಿಷ ಮಾತ್ರ. ಡ್ರಮ್ಸ್ ಪಕ್ಕ ನಿಂತು ಎರಡು ಸೆಟ್ ನುಡಿಸಿದರೆ ಎಷ್ಟಾಗುತ್ತೆ ನೀವೇ ಲೆಕ್ಕ ಹಾಕಿ. ಗೋಡೆ ದಾಟಿ ಪಕ್ಕದ ಮನೆಗೆ ಹೋಗೋದೂ ಕೆಳಗಿನ ಸದ್ದೇ. ಪಬ್ಬಿನವರಿಗೆ ದೂರು ಬಂದರೆ ಮೊದಲು ತಗ್ಗಿಸೋಕೆ ಹೇಳೋದು ಬೇಸನ್ನೇ. ಆಂಪನ್ನ ಗೋಡೆಯ ಮೂಲೆಗೆ ಒತ್ತಿ ಇಡದೆ, ಸ್ಟೂಲಿನ ಮೇಲೆ ಕಿವಿ ಕಡೆ ತಿರುಗಿಸಿ ಇಟ್ಟರೆ ಕಡಿಮೆ ವಾಲ್ಯೂಮಿನಲ್ಲೇ ನಿಮಗೆ ಕೇಳಿಸುತ್ತೆ.

ದುಡ್ಡು ಎಲ್ಲಿಂದ ಶುರು?

ಬೆಲೆಯನ್ನ ರೂಪಾಯಿಯಲ್ಲಿ ನೋಡಬೇಡಿ, ಗಿಗ್‌ನಲ್ಲಿ ನೋಡಿ. ಒಂದು ಶೋಗೆ ನಿಮ್ಮ ಕೈಗೆ ಬರೋ ಹಣದಿಂದ ಅದರ ಬೆಲೆಯನ್ನ ಭಾಗಿಸಿ. ಹತ್ತು ಗಿಗ್‌ನಲ್ಲಿ ತೀರುತ್ತೆ ಅಂದರೆ ಅದು ಸಾಮಾನು. ನೂರು ಗಿಗ್ ಬೇಕು ಅಂದರೆ ಅದು ಹವ್ಯಾಸ. ಹವ್ಯಾಸ ತಪ್ಪಲ್ಲ, ಆದರೆ ಅದಕ್ಕೆ ಇಎಂಐ ಕಟ್ಟುವಾಗ ಮನೆಯವರ ಮುಂದೆ “ಇದರಿಂದ ದುಡಿಮೆ ಆಗುತ್ತೆ” ಅನ್ನಬೇಡಿ.

ನನ್ನ ಪ್ರಕಾರ ಕ್ರಮ ಹೀಗೆ: ನಡುಮಟ್ಟದ ಒಂದು ಬೇಸ್, ಅದಕ್ಕೆ ಒಳ್ಳೆಯ ಕುಶಲಕರ್ಮಿಯ ಕೈಯಲ್ಲಿ ಸೆಟಪ್, ಎರಡು ಗಟ್ಟಿ ಕೇಬಲ್, ಒಂದು ಟ್ಯೂನರ್, ಆಮೇಲೆ ಡಿಐ. ಆಂಪ್ ಕೊನೆಗೆ. ಅಷ್ಟರೊಳಗೆ ನಿಮಗೆ ಎಂಥ ಗಿಗ್ ಸಿಗ್ತಿದೆ ಅಂತ ಗೊತ್ತಾಗಿರುತ್ತೆ. ಮೂರನೇ ಗುಂಪೇ ಜಾಸ್ತಿ ಅಂತ ಮೊದಲೇ ಗೊತ್ತಿದ್ದವರು ಮಾತ್ರ ಆಂಪನ್ನ ಮುಂದಕ್ಕೆ ತರಬಹುದು. ಮಂಗಳೂರು, ಉಡುಪಿ ಕಡೆಯವರು ಸೆಟಪ್ಪಿಗೆ ಇನ್ನಷ್ಟು ಗಮನ ಕೊಡಿ. ಆ ತೇವಕ್ಕೆ ಸ್ಟ್ರಿಂಗ್ ಬೇಗ ತುಕ್ಕು ಹಿಡಿಯುತ್ತೆ, ಮಳೆಗಾಲಕ್ಕೂ ಬೇಸಿಗೆಗೂ ಕುತ್ತಿಗೆ ಬಾಗೋದು ಬೇರೆ ಬೇರೆ.

ಅಂಗಡಿಗೆ ಹೋದಾಗ ಕೂತು ನುಡಿಸಬೇಡಿ, ಸ್ಟ್ರಾಪ್ ಹಾಕಿಕೊಂಡು ಇಪ್ಪತ್ತು ನಿಮಿಷ ನಿಂತು ನುಡಿಸಿ. ಕೈ ಬಿಟ್ಟಾಗ ತಲೆ ಕೆಳಕ್ಕೆ ವಾಲುತ್ತಾ ನೋಡಿ. ಪ್ರತಿ ಫ್ರೆಟ್ಟಿನ ಮೇಲೂ ಒಂದೊಂದು ಸ್ವರ ಹಿಡಿದು ಎಲ್ಲಿ ‘ಝರ್’ ಅನ್ನುತ್ತೆ ಕೇಳಿ. ಸಾಧ್ಯವಾದರೆ ಡ್ರಮ್ಮರನ್ನ ಕರೆದುಕೊಂಡು ಹೋಗಿ. ಅವರು ಮೇಜು ಕುಟ್ಟಿ ತಾಳ ಹಾಕಲಿ, ನೀವು ನುಡಿಸಿ. ಯಾವ ಬೇಸ್ ಹಿಡಿದಾಗ ಅವರ ತಲೆ ತಾನಾಗೇ ಅಲ್ಲಾಡುತ್ತೋ, ಬಿಲ್ ಅದಕ್ಕೆ ಮಾಡಿಸಿ.