ಶಿರಸಿ ಸೀಮೆಯ ಹಿತ್ತಲಲ್ಲಿ ಒಂದು ಸುತ್ತು

ಶಿರಸಿಯಿಂದ ಯಲ್ಲಾಪುರದ ದಾರಿ ಹಿಡಿದು, ಮುಖ್ಯರಸ್ತೆ ಬಿಟ್ಟು ಒಳಗಿಳಿದರೆ ಅಡಿಕೆ ತೋಟಗಳ ಮೇಲಂಚಿನಲ್ಲಿ ಒಂದೊಂದೇ ಮನೆ ಸಿಗುತ್ತದೆ. ಗಣೇಶ ಚೌತಿಗೆ ಇನ್ನು ಕೆಲವೇ ದಿನ. ಜಡಿಮಳೆ ಮುಗಿದು, ನಡುನಡುವೆ ಬಿಸಿಲು ಇಣುಕುವ ಹೊತ್ತು. ಮಲೆನಾಡಿನ ಹಿತ್ತಲು ನೋಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಮನೆಯೊಡತಿ ಜಗುಲಿಯಿಂದಲೇ ಕರೆದರು: "ಬನ್ನಿ, ಬನ್ನಿ. ಆಸರಿಗೆ ಆಮೇಲೆ ಕುಡಿದರಾಯ್ತು. ಮಳೆ ಬರುವುದರೊಳಗೆ ಮೊದಲು ಹೂ ನೋಡಿಬಿಡಿ."

ಹೂ ಎಂದರೆ ಇಲ್ಲಿ ಮೊದಲಿಗೆ ಡೇರೆಯೇ, ಅಂದರೆ ಡೇಲಿಯಾ. ಅಂಗಳದ ಅಂಚಿಗೆ ಸಾಲಾಗಿ ನಿಂತ ಗಿಡಗಳಲ್ಲಿ ಬಿಳಿ, ಕಡುಗೆಂಪು, ಕಿತ್ತಳೆ, ಎರಡು ಬಣ್ಣ ಬೆರೆತವು. ಕೆಲವು ಅಂಗೈ ಮೀರುವಷ್ಟು ಅಗಲ. ಡೇರೆಯ ಮೂಲ ಮೆಕ್ಸಿಕೊ. ಅಲ್ಲಿ 1963ರಿಂದ ಅದು ರಾಷ್ಟ್ರೀಯ ಪುಷ್ಪ. ಇಲ್ಲಿ ಅದು ಮಳೆಗಾಲದ ಮನೆಹೂ. ಮೇ ಕೊನೆಯಲ್ಲಿ ಗೆಡ್ಡೆಯ ಕಣ್ಣು ಚಿಗುರಿದಾಗ ಕೆಲಸ ಶುರು. ಚಿಗುರನ್ನು ಕತ್ತರಿಸಿ, ಮಣ್ಣು ತುಂಬಿದ ಸಣ್ಣ ಚೀಲಗಳಲ್ಲಿ ನೆಟ್ಟು ಸೂರಿನಡಿ ಇಡುತ್ತಾರೆ. ಬೇರು ಬಿಟ್ಟ ಮೇಲೆ ಏರುಮಡಿಗೆ ಬರುತ್ತದೆ, ಏಕೆಂದರೆ ಬುಡದಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ದಂಟು ಟೊಳ್ಳಾದ್ದರಿಂದ ಪ್ರತಿ ಗಿಡಕ್ಕೂ ಊರುಗೋಲು ಬೇಕು.

ದೊಡ್ಡ ಹೂವಿನ ಗುಟ್ಟನ್ನು ಮನೆಯೊಡತಿ ಅಕ್ಕ ಕೈಯಲ್ಲೇ ತೋರಿಸಿದರು. ಒಂದು ತುದಿಯಲ್ಲಿ ಮೂರು ಮೊಗ್ಗು ಇದ್ದವು. ನಡುವಿನದನ್ನು ಬಿಟ್ಟು ಅಕ್ಕಪಕ್ಕದ ಎರಡನ್ನೂ ಉಗುರಿನಿಂದ ಚಿವುಟಿದರು. "ಮೂರಕ್ಕೂ ಆಸೆ ಪಟ್ಟರೆ ಮೂರೂ ಸಣ್ಣವೇ" ಎಂದರು. ಅರಳಿದ ಹೂವಿಗೆ ಮಳೆ ಹೊಡೆಯದಂತೆ ನಾಲ್ಕು ಕೋಲಿನ ಮೇಲೆ ಪ್ಲಾಸ್ಟಿಕ್ ಹಾಳೆಯ ಪುಟ್ಟ ಚಪ್ಪರವೂ ಇತ್ತು. ಈ ಸೀಮೆಯ ಹಳ್ಳಿಗಳಲ್ಲಿ ಮಹಿಳಾ ಮಂಡಳಗಳು ಡೇರೆ ಪ್ರದರ್ಶನ, ಸ್ಪರ್ಧೆ ಏರ್ಪಡಿಸುವುದುಂಟು. ಆದರೆ ಹೊಸ ಬಣ್ಣ ಊರೂರು ದಾಟುವುದು ಹೆಚ್ಚಾಗಿ ನೆಂಟರ ಮನೆಯಿಂದ ಮರಳುವ ಚೀಲಗಳಲ್ಲಿ. ಒಂದು ತುಂಡು ಕೊಟ್ಟರೆ ಇನ್ನೊಂದು ಬಣ್ಣದ ತುಂಡು ಬರುತ್ತದೆ.

ಬಚ್ಚಲು ಕೊಟ್ಟಿಗೆಯ ಬದಿಯಿಂದ ಸುತ್ತು ಹಾಕಿದರೆ ಹಿತ್ತಲು. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು, ಅರಿಶಿನ. ಚಪ್ಪರದ ಮೇಲೆ ಹಾಗಲ, ಪಡವಲ, ಹೀರೆ. ಬೇಲಿಯುದ್ದಕ್ಕೂ ದಾಸವಾಳ. ಇಲ್ಲಿ ಬಾಳೆಯ ಕೆಲಸ ಗೊನೆ ಕಡಿದಲ್ಲಿಗೆ ಮುಗಿಯುವುದಿಲ್ಲ. ಒಣಗಿದ ಬಾಳೆಪಟ್ಟೆಯನ್ನು ಸಣ್ಣಗೆ ಸೀಳಿ ಕಟ್ಟಿಟ್ಟರೆ ವರ್ಷಕ್ಕಾಗುವ ನಾರು. ಬಳಸುವ ಮೊದಲು ನೀರಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಹೂವಿನ ತೊಟ್ಟು ತುಂಡಾಗದಂತೆ ಗಂಟು ಬಿಗಿಯುತ್ತದೆ. ಸಂಜೆ ಜಗುಲಿಯಲ್ಲಿ ಅಬ್ಬಲಿಗೆಯ ದಂಡೆ ಕಟ್ಟುವುದು ಇದರಲ್ಲೇ. ಬೇಸಿಗೆಯಲ್ಲಿ ಗದ್ದೆಯಲ್ಲಿ ಬೆಳೆದ ಮೊಗೆಕಾಯಿಗಳನ್ನು ಸೂರಿನ ಅಡ್ಡಪಟ್ಟಿಗೆ ಒಂದೊಂದಾಗಿ ತೂಗುಹಾಕಿದ್ದೂ ಇದೇ ನಾರಿನಿಂದ. ಒಂದಕ್ಕೊಂದು ತಾಗದೆ, ಗಾಳಿಯಾಡುತ್ತ ತೂಗುವ ಕಾಯಿ ಮಳೆಗಾಲವಿಡೀ ಕೆಡುವುದಿಲ್ಲ. ತರಕಾರಿಯನ್ನು ಉಳಿಸುವ ಜಾಣ್ಮೆ ನೋಡುವವರಿಗೆ ಅಲಂಕಾರವಾಗಿಯೂ ಕಾಣುತ್ತದೆ.

ಚೌತಿ ಹತ್ತಿರವಾದಂತೆ ಈ ನಾರಿನ ಕಟ್ಟು ದೇವರ ಕೋಣೆಗೆ ಹೋಗುತ್ತದೆ. ಉತ್ತರ ಕನ್ನಡದ ಮನೆಮನೆಯಲ್ಲಿ ಗಣಪತಿ ಕೂರುವ ಜಾಗದ ನೇರ ಮೇಲೆ ಫಲಾವಳಿ ಕಟ್ಟುತ್ತಾರೆ. ಮರದ ಪಟ್ಟಿಯ ಚೌಕಟ್ಟನ್ನು ಮಾಡಿನಿಂದ ಇಳಿಬಿಟ್ಟು, ಅದರ ತುಂಬ ಕಾಯಿ, ಹಣ್ಣು, ಹೂ ಪೋಣಿಸುತ್ತಾರೆ. ಅಡಿಕೆ ಗೊನೆ, ತೆಂಗಿನಕಾಯಿ, ಬಾಳೆಗೊನೆ, ಚಕ್ಕೋತ, ಸೌತೆ, ಹಾಗಲ ಎಲ್ಲವೂ ಮನೆಯ ಬೆಳೆ. ಬೆಟ್ಟದಂಚಿನಿಂದ ಬರುವವು ಬೇರೆ: ಬಿಳಿ ಗೆರೆಯ ಪುಟ್ಟ ಲಿಂಗತೊಂಡೆ, ಹಳದಿ ಕೆಂಪು ದಳಗಳನ್ನು ಹಿಂದಕ್ಕೆ ಬಾಗಿಸಿ ಅರಳುವ ಗೌರಿಹೂ. ಗೌರಿಹೂವಿನ ಗಿಡ ಗೆಡ್ಡೆಯಿಂದ ಬೀಜದವರೆಗೆ ವಿಷ. ಆದ್ದರಿಂದ ಅದನ್ನು ದೊಡ್ಡವರೇ ಕೊಯ್ದು ತರುತ್ತಾರೆ, ಮುಟ್ಟಿದ ಕೈಯನ್ನು ತೊಳೆದುಕೊಳ್ಳುತ್ತಾರೆ. ಭಾರದ್ದು ನಡುವೆ, ಹಗುರದ್ದು ಅಂಚಿಗೆ. ಬಣ್ಣಗಳು ಒಂದೇ ಕಡೆ ಗುಂಪಾಗಬಾರದು. ಇದನ್ನು ಯಾರೂ ಬರೆದಿಟ್ಟಿಲ್ಲ. ಏಣಿ ಹಿಡಿದು ನಿಂತ ಮಕ್ಕಳು ನೋಡುತ್ತಲೇ ಕಲಿಯುತ್ತಾರೆ. ನೆರೆಯ ಗೋವೆಯಲ್ಲಿ ಫಲಾವಳಿಗೆ ಮಾಟೋಳಿ ಎಂದು ಹೆಸರು. ಅಲ್ಲಿನ ಸರಕಾರದ ಕಲೆ ಮತ್ತು ಸಂಸ್ಕೃತಿ ಇಲಾಖೆ ಮಾಟೋಳಿ ಸ್ಪರ್ಧೆಯನ್ನೇ ನಡೆಸುತ್ತದೆ.

ಫಲಾವಳಿ ಕಟ್ಟುವ ಚೌಕಟ್ಟಿನ ಕೆಳಗೆ ನಿಂತಾಗ ಅಕ್ಕ ಹೇಳಿದ ಮಾತೊಂದು ಈ ಸುತ್ತಾಟದ ತಿರುಳು. "ಕಂಚಿಕಾಯಿ ನಾವು ತಿನ್ನುವುದು ಎಷ್ಟು? ಆದರೂ ಮರ ಕಡಿಯಲಿಕ್ಕೆ ಬಿಟ್ಟಿಲ್ಲ. ಚೌತಿಗೆ ಒಂದು ಕಾಯಿ ಬೇಕಲ್ಲ!" ವರ್ಷಕ್ಕೊಂದು ದಿನದ ಕಟ್ಟುವ ಕೆಲಸಕ್ಕಾಗಿ ಮರವೊಂದು ಉಳಿದಿದೆ. ಪೇಟೆಯಲ್ಲಿ ಬೆಲೆಯಿಲ್ಲದ ಎಷ್ಟೋ ಬಳ್ಳಿ ಗಿಡಗಳು ಈ ಹಿತ್ತಲುಗಳಲ್ಲಿ ಬದುಕಿರುವುದಕ್ಕೆ ಇಂಥದ್ದೇ ಕಾರಣ.

ಆಶ್ವೀಜದಲ್ಲಿ ಘಟ್ಟದ ಮೇಲೇ ದಕ್ಷಿಣಕ್ಕೆ ಸಾಗಿ, ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆಗೆ ಹೋದರೆ ಗಿಡಕ್ಕೂ ಹಬ್ಬದ ಕೈಕೆಲಸಕ್ಕೂ ಇರುವ ಈ ನಂಟಿನ ಇನ್ನೊಂದು ರೂಪ ಕಾಣಬಹುದು. ದೀವರ ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಬಿದಿರ ಬುಟ್ಟಿ ಸಿಂಗಾರಗೊಳ್ಳುತ್ತದೆ. ಬುಟ್ಟಿಗೆ ಮೊದಲು ಕೆಮ್ಮಣ್ಣಿನ ಲೇಪ. ಅದು ಒಣಗಿದ ಮೇಲೆ ನೆನೆದ ಅಕ್ಕಿ ಅರೆದ ಬಿಳಿ ಹಿಟ್ಟಿನಿಂದ ಚಿತ್ತಾರ. ಕುಂಚ ಅಂಗಡಿಯದಲ್ಲ, ಪುಂಡಿ ನಾರಿನ ತುದಿ. ಎಳೆದ ಗೆರೆಗಳು ಭತ್ತದ ಸಸಿಯಾಗುತ್ತವೆ, ಎತ್ತಿನ ಗಾಡಿಯಾಗುತ್ತವೆ. ಹಲವು ಬಗೆಯ ಸೊಪ್ಪು ತರಕಾರಿ ಬೇಯಿಸಿದ ಹಚ್ಚಂಬಲಿಯನ್ನು ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗುತ್ತಾರೆ. ಹೊಡೆ ತುಂಬಿದ ಭತ್ತದ ಪೈರನ್ನು ಬಸುರಿ ಎಂದೇ ಭಾವಿಸಿ, ಅವಳ ಬಯಕೆಗೆಂದು ಹಚ್ಚಂಬಲಿಯನ್ನು ಬೀರುತ್ತಾರೆ. ನಾರು, ಹಿಟ್ಟು, ಸೊಪ್ಪು, ಬಣ್ಣ ಎಲ್ಲವೂ ಸುತ್ತಲ ಮಣ್ಣಿನವೇ.

ಇತ್ತ ಶಿರಸಿಯ ಹಿತ್ತಲಲ್ಲಿ ಚಳಿಗಾಲ ಬಂದಾಗ ಡೇರೆ ಗಿಡ ಒಣಗಿ, ಗೆಡ್ಡೆಗಳು ನೆರಳಿನ ಮಣ್ಣಲ್ಲಿ ನಿದ್ದೆಗೆ ಹೋಗುತ್ತವೆ. ಬೇಸಿಗೆಗೆ ಮುನ್ನ ಅಪ್ಪೆಮಿಡಿಯ ಉಪ್ಪಿನಕಾಯಿ, ಬೇಸಿಗೆಯಲ್ಲಿ ಹಲಸಿನ ಹಪ್ಪಳ, ಮುರುಗಲ ಸಿಪ್ಪೆ ಒಣಗಿಸುವ ಕೆಲಸ. ಹಪ್ಪಳದ ಕಂಬಳಕ್ಕೆ ನೆರೆಮನೆಯವರೆಲ್ಲ ಸೇರುತ್ತಾರೆ. ಕಾಗೆ ಕಾಯಲು ಮಕ್ಕಳು. ಮತ್ತೆ ಮಳೆ ಬೀಳುವ ಹೊತ್ತಿಗೆ ಡೇರೆಯ ಕಣ್ಣು ಚಿಗುರುತ್ತದೆ.

ಈ ಮನೆಗಳಲ್ಲೂ ಮಕ್ಕಳು ಬೆಂಗಳೂರು ಸೇರಿದ್ದಾರೆ. ಫಲಾವಳಿ ಕಟ್ಟುವ ಕೈಗಳಿಗೆ ವಯಸ್ಸಾಗುತ್ತಿದೆ. ಕಟ್ಟುವವರಿಲ್ಲದ ವರ್ಷ ಕಂಚಿ ಮರವನ್ನು ಕಾಯುವವರೂ ಇರುವುದಿಲ್ಲ. ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮನೋ ಅಜ್ಜಿಯೋ ಕೈಯಾರೆ ಮಾಡುವ ಒಂದು ಕೆಲಸವನ್ನು ಪಕ್ಕದಲ್ಲಿ ಕೂತು ಕಲಿಯಿರಿ. ಮರಳುವಾಗ ಆ ಕೆಲಸಕ್ಕೆ ಬೇಕಾದ ಗಿಡದ ಒಂದು ತುಂಡನ್ನೋ ನಾಲ್ಕು ಬೀಜವನ್ನೋ ತನ್ನಿ. ಬಾಲ್ಕನಿಯ ಕುಂಡದಲ್ಲಾದರೂ ಸರಿ, ನೆಡಿ. ಕೆಲಸ ಗೊತ್ತಿದ್ದರೆ ಗಿಡ ಉಳಿಯುತ್ತದೆ, ಗಿಡವಿದ್ದರೆ ಕೆಲಸ ಮರೆಯುವುದಿಲ್ಲ.