ಲಿವರ್ ಶಂಟ್ ಶಂಕೆ: ಬೆಂಗಳೂರಿಗೆ ಹೊರಡುವ ಮುನ್ನ

ಊಟವಾದ ಒಂದೆರಡು ತಾಸಿನಲ್ಲಿ ನಾಯಿಮರಿ ಮಂಕಾಗುತ್ತದೆ. ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ನಿಂತಲ್ಲೇ ಸುತ್ತುತ್ತದೆ, ಒಮ್ಮೊಮ್ಮೆ ಫಿಟ್ಸ್ ಬರುತ್ತದೆ. ಒಡಹುಟ್ಟಿದವು ಬೆಳೆದರೂ ಇದು ಮಾತ್ರ ಗಿಡ್ಡಾಗಿಯೇ ಉಳಿದಿದೆ. ‘ಲಿವರ್ ಶಂಟ್ ಇರಬಹುದು’ ಎಂದು ವೈದ್ಯರು ಅಂದೊಡನೆ ವಿಜಯಪುರದ ಸ್ಟೇಷನ್ ರಸ್ತೆಯವರಿಗಾಗಲಿ, ತಿಕೋಟಾ, ಬಬಲೇಶ್ವರದವರಿಗಾಗಲಿ ನೆನಪಾಗುವುದು ಐನೂರು ಕಿಲೋಮೀಟರಿಗೂ ದೂರದ ಬೆಂಗಳೂರು. ಅಷ್ಟು ಅವಸರ ಬೇಡ. ಪರೀಕ್ಷೆಗಳಿಗೊಂದು ಸರತಿ ಇದೆ.

ಕರುಳಿನ ರಕ್ತ ಪೋರ್ಟಲ್ ನಾಳದಲ್ಲಿ ಹರಿದು ಲಿವರ್ ಸೇರಿ, ಅಲ್ಲಿ ಅಮೋನಿಯದಂಥ ವಿಷ ಕಳೆದುಕೊಂಡು ಮುಂದೆ ಸಾಗಬೇಕು. ಗರ್ಭದಲ್ಲಿದ್ದಾಗ ಲಿವರನ್ನು ಬಳಸಿ ಹೋಗುವ ನಾಳವೊಂದು ಇರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಮುಚ್ಚುತ್ತದೆ. ಅದು ಮುಚ್ಚದಿದ್ದರೆ, ಅಥವಾ ಬೇರೊಂದು ಅಡ್ಡನಾಳ ಹುಟ್ಟಿನಿಂದಲೇ ಇದ್ದರೆ, ಶುದ್ಧವಾಗದ ರಕ್ತ ಮಿದುಳಿಗೂ ತಲುಪುತ್ತದೆ. ಇದೇ ಲಿವರ್ ಶಂಟ್. ಶಿಹ್ ತ್ಸು, ಪಗ್, ಮಾಲ್ಟೀಸ್‌ನಂಥ ಸಣ್ಣ ತಳಿಗಳಲ್ಲಿ ಈ ಅಡ್ಡದಾರಿ ಹೆಚ್ಚಾಗಿ ಲಿವರಿನ ಹೊರಗೆ, ಲ್ಯಾಬ್ರಡಾರ್‌ನಂಥವುಗಳಲ್ಲಿ ಒಳಗೆ.

ಮೊದಲು ಸಾಮಾನ್ಯ ರಕ್ತ, ಮೂತ್ರ ಪರೀಕ್ಷೆ. ಡಿಸ್ಟೆಂಪರ್, ಉಣ್ಣಿ ಜ್ವರ, ಸಕ್ಕರೆ ಕುಸಿತ ಇವೂ ಮರಿಯನ್ನು ಹೀಗೇ ಮಂಕಾಗಿಸಬಲ್ಲವು. ಕೆಂಪು ರಕ್ತಕಣ ಚಿಕ್ಕದಾಗಿ, ಯೂರಿಯಾ, ಅಲ್ಬುಮಿನ್, ಕೊಲೆಸ್ಟರಾಲ್ ಮೂರೂ ಇಳಿದಿದ್ದರೆ, ಮೂತ್ರದಲ್ಲಿ ಅಮೋನಿಯಂ ಯೂರೇಟ್ ಹರಳು ಕಂಡರೆ ಶಂಕೆ ಬಲವಾಗುತ್ತದೆ.

ಮುಂದಿನದು ಬೈಲ್ ಆಸಿಡ್ ಪರೀಕ್ಷೆ. ದೂರದ ಊರಿನವರಿಗೆ ನಾನು ಒತ್ತಿ ಹೇಳುವುದು ಇದನ್ನೇ. ಸುಮಾರು 12 ತಾಸು ಉಪವಾಸದ ನಂತರ ಒಮ್ಮೆ, ಊಟವಾದ 2 ತಾಸಿಗೆ ಇನ್ನೊಮ್ಮೆ ರಕ್ತ ತೆಗೆಯುತ್ತಾರೆ. ತೀರಾ ಪುಟ್ಟ ಮರಿಯನ್ನು ಅಷ್ಟು ಹೊತ್ತು ಹಸಿದಿಡುವುದು ಅಪಾಯ, ಅವಧಿಯನ್ನು ವೈದ್ಯರೇ ನಿರ್ಧರಿಸಲಿ. ಸೀರಂ ಬೇರ್ಪಡಿಸಿ ತಣ್ಣಗಿಟ್ಟರೆ ಸ್ಯಾಂಪಲ್ ದೂರದ ಲ್ಯಾಬಿಗೂ ಕೆಡದೆ ಹೋಗುತ್ತದೆ. ಮರಿ ಮನೆಯಲ್ಲೇ ಇರಬಹುದು. ಅಮೋನಿಯ ಪರೀಕ್ಷೆಗೆ ಈ ಅನುಕೂಲವಿಲ್ಲ. ರಕ್ತ ತೆಗೆದ ಕೂಡಲೇ ಮಂಜುಗಡ್ಡೆಯಲ್ಲಿಟ್ಟು ಅರ್ಧ ತಾಸಿನ ಆಸುಪಾಸಿನಲ್ಲೇ ಮುಗಿಸಬೇಕು, ಇಲ್ಲವಾದರೆ ಅಂಕಿ ಸುಳ್ಳಾಗಿ ಏರುತ್ತದೆ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಬಸ್ಸಿಗೆ ಹಾಕಿ ಕಳಿಸಿದ ಅಮೋನಿಯ ಸ್ಯಾಂಪಲ್‌ಗೆ ದುಡ್ಡು ಸುರಿಯಬೇಡಿ.

ಬೈಲ್ ಆಸಿಡ್ ಏರಿದ ಮಾತ್ರಕ್ಕೆ ಶಂಟ್ ಎಂದೂ ತೀರ್ಮಾನಿಸಲಾಗದು. ಬೇರೆ ಲಿವರ್ ಕಾಯಿಲೆಗಳಲ್ಲೂ, ಆರೋಗ್ಯವಂತ ಮಾಲ್ಟೀಸ್‌ಗಳಲ್ಲೂ ಅದು ಏರಿರಬಹುದು. ಲಿವರಿಗೆಂದು ಕೊಡುವ ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಮಾತ್ರೆ ಆ ಅಳತೆಯಲ್ಲೇ ಸೇರಿಕೊಳ್ಳುತ್ತದೆ. ಕೊಡುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಬೈಲ್ ಆಸಿಡ್‌ನ ಎರಡೂ ಅಂಕಿ ತೀರಾ ಹೆಚ್ಚಿದ್ದರೆ ಆಗ ಸ್ಕ್ಯಾನಿಂಗ್. ಅಲ್ಟ್ರಾಸೌಂಡಿಗೆ ಅರಿವಳಿಕೆ ಸಾಮಾನ್ಯವಾಗಿ ಬೇಡ, ಆದರೆ ಅಡ್ಡನಾಳ ಕಾಣುವುದು ನೋಡುವವರ ಪಳಗಿದ ಕೈಯನ್ನು ಅವಲಂಬಿಸಿದೆ. ‘ಏನೂ ಕಾಣಲಿಲ್ಲ’ ಅಂದರೆ ಶಂಟ್ ಇಲ್ಲವೆಂದಲ್ಲ. ಸಿಟಿ ಆಂಜಿಯೋಗ್ರಾಮ್ ನಾಳದ ಪೂರಾ ನಕ್ಷೆ ಕೊಡುತ್ತದೆ, ಅದಕ್ಕೆ ಅರಿವಳಿಕೆಯೋ ಗಾಢ ಮಂಪರೋ ಬೇಕು. ಲಿವರ್ ಸೋತ ಮರಿಗೆ ಅದು ಸಣ್ಣ ಮಾತಲ್ಲ. ಆಪರೇಷನ್ ಮಾಡಿಸುವ ಮನಸ್ಸು, ಶಕ್ತಿ ಇದ್ದವರಿಗೆ ಸಿಟಿಯೇ ಸರಿ. ಅದಿಲ್ಲದವರು ಲ್ಯಾಕ್ಟುಲೋಸ್ ಸಿರಪ್, ವೈದ್ಯರು ಬರೆದ ಆ್ಯಂಟಿಬಯೋಟಿಕ್, ಮಾಂಸ ಕಡಿಮೆ ಮಾಡಿದ ಪಥ್ಯದ ಮೇಲೆ ಮರಿಯನ್ನು ಸಾಕುವುದೂ ನ್ಯಾಯವಾದ ದಾರಿಯೇ. ಎಷ್ಟೋ ನಾಯಿಗಳು ಹಾಗೆ ವರ್ಷಗಟ್ಟಲೆ ಬದುಕುತ್ತವೆ. ಸಿಟಿ ಸ್ಕ್ಯಾನಿಗೆ ಹೊರಡುವವರು ಕೂಡ ಮೊದಲು ಇವುಗಳಿಂದ ಮರಿಯನ್ನು ಕೆಲವು ವಾರ ಸುಧಾರಿಸಿಕೊಂಡೇ ಹೊರಡಲಿ.