ತಪ್ಪಿದ್ದು ಹೆಜ್ಜೆನಾ, ನೆಟ್‌ವರ್ಕಾ?

ವಿಜಯವಾಡದಲ್ಲಿರೋರಿಗೆ ಕೂಚಿಪೂಡಿ ಅಂದ್ರೆ ಬರೀ ನೃತ್ಯದ ಹೆಸರಲ್ಲ, ಭಾನುವಾರ ಕಾರಲ್ಲಿ ಹೋಗಿ ಬರಬಹುದಾದ ಊರು. ಆ ನೃತ್ಯದ ಒಂದು ವಿಡಿಯೋನ ಕಂಪ್ಯೂಟರ್‌ಗೆ ಕೊಟ್ಟು ‘ಹೆಜ್ಜೆ ತಾಳಕ್ಕೆ ಸರಿಯಾಗಿ ಬಿತ್ತಾ?’ ಅಂತ ಕೇಳಿದ್ರೆ ಅದು ಏನು ಮಾಡುತ್ತೆ?

ಮೊದಲು ಧ್ವನಿ. ಮೃದಂಗಕ್ಕೆ ಪೆಟ್ಟು ಬಿದ್ದ ಕೂಡಲೇ ಶಬ್ದ ದಿಢೀರ್ ಅಂತ ಏರುತ್ತೆ. ಆ ಏರಿಕೆಗಳನ್ನ ಪ್ರೋಗ್ರಾಂ ಗುರುತು ಹಾಕಿಕೊಳ್ಳುತ್ತೆ. ಇದು ಸುಲಭ. ಆದ್ರೆ ಪೆಟ್ಟು ಬೇರೆ, ತಾಳ ಬೇರೆ. ಮಿಶ್ರ ಛಾಪು ಅಂದ್ರೆ ಮೂರು ಮತ್ತು ನಾಲ್ಕು, ಒಟ್ಟು ಏಳು. ಮೇಲಾಗಿ ಎಷ್ಟೋ ಕೃತಿಗಳು ಸಮದಲ್ಲಿ ಶುರುವಾಗೋದೇ ಇಲ್ಲ, ಎಡುಪು ಆಚೆಗಿರುತ್ತೆ. ಪಾಪ್ ಹಾಡಿನ ನಾಲ್ಕರ ಲೆಕ್ಕಕ್ಕೆ ಪಳಗಿದ ಪ್ರೋಗ್ರಾಂ ಇಲ್ಲಿ ಎಡವುತ್ತೆ. ಬಾರ್ಸಿಲೋನಾದ ಪಾಂಪೆವ್ ಫಾಬ್ರಾ ವಿಶ್ವವಿದ್ಯಾಲಯದ ಕಾಂಪ್‌ಮ್ಯೂಸಿಕ್ ಯೋಜನೆಯಲ್ಲಿ ಅಜಯ್ ಶ್ರೀನಿವಾಸಮೂರ್ತಿ ಇದೇ ವಿಷಯದ ಮೇಲೆ 2016ರಲ್ಲಿ ಪಿಎಚ್‌ಡಿ ಮುಗಿಸಿದ್ರು. ಆದಿ, ರೂಪಕ, ಮಿಶ್ರ ಛಾಪು, ಖಂಡ ಛಾಪು ತಾಳಗಳ 176 ತುಣುಕುಗಳಲ್ಲಿ ಸಮ ಎಲ್ಲಿದೆ, ಎಣಿಕೆ ಎಲ್ಲಿದೆ ಅಂತ ಗುರುತಿಸಿದ ದತ್ತಾಂಶ ಆ ಕೆಲಸದಿಂದ ಬಂತು.

ಇನ್ನು ಕಾಲು. ಸೆಕೆಂಡಿಗೆ 30 ಫ್ರೇಮ್ ಹಿಡಿಯೋ ಫೋನಲ್ಲಿ ಎರಡು ಫ್ರೇಮ್ ನಡುವೆ 33 ಮಿಲಿಸೆಕೆಂಡ್. ಪಾದ ನೆಲ ಮುಟ್ಟಿದ ಕ್ಷಣ ಆ ಸಂದಿಯಲ್ಲೇ ಕಳೆದುಹೋಗಬಹುದು. ಹಾಗಾಗಿ ಕಣ್ಣಿಗಿಂತ ಗೆಜ್ಜೆ ಸದ್ದನ್ನ ನಂಬೋದು ವಾಸಿ. ತರಂಗಂನಲ್ಲಂತೂ ಪಾದ ಹಿತ್ತಾಳೆ ತಟ್ಟೆಯ ಅಂಚಿನ ಮೇಲೇ ಇರುತ್ತೆ. ಎತ್ತಿ ಇಡೋದನ್ನ ಹುಡುಕೋ ಪ್ರೋಗ್ರಾಂಗೆ ಅಲ್ಲಿ ಕೆಲಸವೇ ಇಲ್ಲ, ತಟ್ಟೆಯ ಚಲನೆಯನ್ನೇ ಹಿಂಬಾಲಿಸಬೇಕು.

ಈಗ ನಮ್ಮ ಮನೆ ವಿಷಯಕ್ಕೆ ಬರೋಣ. ಮಗು ವೈಜಾಗ್‌ನಲ್ಲಿ, ಗುರುಗಳು ಮೈಸೂರಲ್ಲಿ, ಕ್ಲಾಸ್ ವಿಡಿಯೋ ಕಾಲ್‌ನಲ್ಲಿ. ನಿಮಿಷಕ್ಕೆ 75 ಎಣಿಕೆ, ಎಣಿಕೆಗೆ ನಾಲ್ಕು ಹೆಜ್ಜೆ ಅಂದ್ರೆ ಹೆಜ್ಜೆಗೆ 200 ಮಿಲಿಸೆಕೆಂಡ್. ಗುರುಗಳ ತಾಳ ಇಲ್ಲಿಗೆ ಬಂದು, ಮಗುವಿನ ಗೆಜ್ಜೆ ಅಲ್ಲಿಗೆ ಹೋಗೋಕೆ ಒಟ್ಟು ಅಷ್ಟೇ ಹೊತ್ತು ಹಿಡಿದ್ರೆ, ಸರಿಯಾಗಿ ಹಾಕಿದ ಹೆಜ್ಜೆಯೂ ಅವರಿಗೆ ಪೂರ್ತಿ ಒಂದು ಹೆಜ್ಜೆ ತಡವಾಗಿ ಕೇಳುತ್ತೆ. ಪಾಪ, ಬೈಸಿಕೊಳ್ಳೋದು ಮಗು! ಸ್ಟ್ಯಾನ್‌ಫರ್ಡ್‌ನ ಕ್ರಿಸ್ ಚೇಫ್ ತಂಡ ಇಬ್ಬರನ್ನ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಚಪ್ಪಾಳೆ ತಟ್ಟಿಸಿತ್ತು. ವಿಳಂಬ ಹೆಚ್ಚಾದಂತೆ ಒಬ್ಬರಿಗೊಬ್ಬರು ಕಾದು, ಇಬ್ಬರ ಲಯವೂ ನಿಧಾನವಾಯ್ತು.

ಅದಕ್ಕೇ, ತಾಳವನ್ನ ಮಗುವಿನ ಪಕ್ಕದ ಫೋನಲ್ಲೇ ಹಾಕಿ, ಇನ್ನೊಂದರಲ್ಲಿ ರೆಕಾರ್ಡ್ ಮಾಡಿ ಗುರುಗಳಿಗೆ ಕಳಿಸಿ. ಇಯರ್‌ಫೋನ್ ಬೇಡ, ಸ್ಪೀಕರ್ ಇರಲಿ. ತಾಳವೂ ಗೆಜ್ಜೆಯೂ ಒಂದೇ ಮೈಕ್‌ಗೆ ಬಿದ್ದ ಮೇಲೆ ಅವೆರಡರ ನಡುವಿನ ಅಂತರ ದಾರಿಯಲ್ಲಿ ಬದಲಾಗಲ್ಲ.